ಪರಭಾಷೆಯಲ್ಲಿ ಮಾತು: ಎದುರಿಗೂ ದೂರವಾಣಿಯಲ್ಲೂ ಅಳುಕು ನೀಗುವ ಬಗೆ

ಭಾರತೀನಗರ (ಮಂಡ್ಯ ಜಿಲ್ಲೆ): ಮದ್ದೂರಿನಿಂದ ಮಳವಳ್ಳಿಗೆ ಸಾಗುವ ರಸ್ತೆಯಲ್ಲಿರುವ ಈ ಊರಿಗೆ ಎರಡು ಹೆಸರು. ಹಳಬರಿಗೆ ಇದು ಇಂದಿಗೂ ಕೆ.ಎಂ. ದೊಡ್ಡಿ, ಅಂದರೆ ಕಾಳಮುದ್ದನದೊಡ್ಡಿ. ಕಬ್ಬಿನ ಗದ್ದೆಗಳ ನಡುವಿನ ಈ ಊರಿಗೆ ಸಕ್ಕರೆ ಕಾರ್ಖಾನೆ ಒಂದು ಗುರುತಾದರೆ, ಮಾಜಿ ಸಂಸದ ದಿವಂಗತ ಜಿ. ಮಾದೇಗೌಡರು ಬೆಳೆಸಿದ ಭಾರತೀ ವಿದ್ಯಾಸಂಸ್ಥೆಗಳು ಇನ್ನೊಂದು ಗುರುತು. ಸುತ್ತಲಿನ ಹಳ್ಳಿಗಳ ಮಕ್ಕಳು ಇಲ್ಲಿಗೆ ಬಂದು ಓದುತ್ತಾರೆ. ಮನೆ, ಗದ್ದೆ, ಬಸ್ಸು, ಅಂಗಡಿ ಎಲ್ಲೆಡೆ ಕನ್ನಡವೇ ನಡೆಯುವ ಇಂಥ ಊರುಗಳಲ್ಲಿ ಇಂಗ್ಲಿಷ್ ಎಂಬುದು ಓದುವ ಭಾಷೆ, ಪರೀಕ್ಷೆಯಲ್ಲಿ ಬರೆಯುವ ಭಾಷೆ. ಬಾಯಲ್ಲಿ ಆಡುವ ಭಾಷೆಯಲ್ಲ.

ಆದರೆ ಪದವಿ ಮುಗಿದ ಮೇಲೆ ಬೆಂಗಳೂರಿನಿಂದ ಬರುವ ಮೊದಲ ಕರೆ ಬಾಯಲ್ಲೇ ಉತ್ತರ ಬಯಸುತ್ತದೆ. ಹಲವು ಖಾಸಗಿ ಸಂಸ್ಥೆಗಳಲ್ಲಿ ಸಂದರ್ಶನದ ಮೊದಲ ಸುತ್ತು ದೂರವಾಣಿಯಲ್ಲೇ ಮುಗಿದುಹೋಗುತ್ತದೆ. ಆ ಹತ್ತು ನಿಮಿಷದಲ್ಲಿ ತಡವರಿಸಿದವರ ಮೂರು ವರ್ಷದ ಓದು ಯಾರ ಕಿವಿಗೂ ಬೀಳುವುದಿಲ್ಲ. ವಿಷಯ ಗೊತ್ತಿದ್ದೂ ಹೇಳಲಾಗದೆ ಕೆಲಸ ಕೈತಪ್ಪುವುದು ಕನ್ನಡ ಮಾಧ್ಯಮದಲ್ಲಿ ಓದಿದ ಅನೇಕರ ಅನುಭವ.

ಇದಕ್ಕೆ ಸಾಮಾನ್ಯವಾಗಿ ಸಿಗುವ ಸಲಹೆ ಒಂದೇ: ‘ಧೈರ್ಯವಾಗಿ ಮಾತನಾಡು’. ಸಲಹೆ ಒಳ್ಳೆಯದಾದರೂ ಅದರ ಕ್ರಮ ತಿರುಗುಮುರುಗು. ಧೈರ್ಯ ಬಂದ ಮೇಲೆ ಮಾತು ಬರುವುದಿಲ್ಲ. ಮಾತು ನಾಲಗೆಗೆ ರೂಢಿಯಾದ ಮೇಲೆ ಧೈರ್ಯ ಬರುತ್ತದೆ. ಆ ರೂಢಿಯನ್ನು ಬೆಳೆಸಿಕೊಳ್ಳುವ ಬಗೆಯನ್ನು ಇಲ್ಲಿ ವಿವರಿಸಲಾಗಿದೆ.

ಅಳುಕಿನ ಮೂಲ

ಪರಭಾಷೆಯಲ್ಲಿ ಮಾತನಾಡುವಾಗ ಹುಟ್ಟುವ ಭಯವು ಸ್ವಭಾವದ ದೋಷವಲ್ಲ. ತಾಯ್ನುಡಿಯಲ್ಲಿ ಊರಪಂಚಾಯಿತಿಯ ಮುಂದೆ ನಿರ್ಭಯವಾಗಿ ವಾದಿಸುವ ವ್ಯಕ್ತಿಯೂ ಇಂಗ್ಲಿಷಿನಲ್ಲಿ ತನ್ನ ಹೆಸರು ಹೇಳಲು ಬೆವರಬಹುದು. ಅಮೆರಿಕದ ಎಲೈನ್ ಹಾರ್ವಿಟ್ಜ್ ಮತ್ತು ಸಂಗಡಿಗರು 1986ರಲ್ಲಿ ಈ ಭಯವನ್ನು ಪ್ರತ್ಯೇಕ ವಿಷಯವಾಗಿ ಪರಿಗಣಿಸಿ, ಅದನ್ನು ಅಳೆಯಲು 33 ಹೇಳಿಕೆಗಳ ಪ್ರಶ್ನಾವಳಿಯೊಂದನ್ನು ರೂಪಿಸಿದರು. ಮಾತನಾಡುವ ಭಯ, ಪರೀಕ್ಷೆಯ ಭಯ, ಇತರರು ತನ್ನನ್ನು ಕೀಳಾಗಿ ಕಾಣುವರೆಂಬ ಭಯ, ಈ ಮೂರೂ ಅದರಲ್ಲಿ ಬೆಸೆದುಕೊಂಡಿವೆ ಎಂಬುದು ಅವರ ವಿವರಣೆ.

ನಮ್ಮಲ್ಲಿ ಮೂರನೆಯದೇ ದೊಡ್ಡದು. ಇಂಗ್ಲಿಷ್ ಇಲ್ಲಿ ಕೇವಲ ಭಾಷೆಯಲ್ಲ, ಅಂತಸ್ತಿನ ಗುರುತು ಕೂಡ. ಒಂದು ತಪ್ಪು ಪದಕ್ಕೆ ತರಗತಿಯಲ್ಲಿ ಎದ್ದ ನಗು ವರ್ಷಗಟ್ಟಲೆ ಬಾಯಿ ಕಟ್ಟಿಹಾಕುತ್ತದೆ. ಆದ್ದರಿಂದಲೇ ಅನೇಕರು ಅಪರಿಚಿತ ವಿದೇಶಿಯರ ಎದುರಿಗಿಂತ ಬಲ್ಲ ಕನ್ನಡಿಗರ ಎದುರು ಇಂಗ್ಲಿಷ್ ಆಡಲು ಹೆಚ್ಚು ಹೆದರುತ್ತಾರೆ.

ಕಲಿಕೆಯ ಕ್ರಮವೂ ಇದಕ್ಕೆ ಕಾರಣ. ದಕ್ಷಿಣ ರಾಜ್ಯಗಳ ಇಂಗ್ಲಿಷ್ ಶಿಕ್ಷಕರ ತರಬೇತಿಗೆಂದು ಬೆಂಗಳೂರಿನಲ್ಲಿ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಸ್ಥಾಪನೆಯಾದದ್ದು 1963ರಲ್ಲಿ. ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷನ್ನು ಒಂದು ವಿಷಯವಾಗಿ ಕಲಿಸತೊಡಗಿದ್ದು 2007-08ರಲ್ಲಿ. ಆದರೂ ಪರೀಕ್ಷೆ ಅಳೆಯುವುದು ಮುಖ್ಯವಾಗಿ ಬರವಣಿಗೆಯನ್ನು. ಕಪಿಲ್ ದೇವ್ ಜಾಹೀರಾತಿನಿಂದ ಮನೆಮಾತಾದ ರ‍್ಯಾಪಿಡೆಕ್ಸ್ ಪುಸ್ತಕವನ್ನು ಕೊಂಡು ಮನೆಯಲ್ಲೇ ಓದಿದವರೂ ಕಣ್ಣಿಂದ ಕಲಿತರೇ ಹೊರತು ಬಾಯಿಂದ ಕಲಿಯಲಿಲ್ಲ. ಈಜನ್ನು ದಡದಲ್ಲಿ ಕುಳಿತು ಕಲಿತವರು ನೀರಿಗಿಳಿದಾಗ ಹೆದರಿದರೆ ಅದು ಅವರ ತಪ್ಪಲ್ಲ.

ಕನ್ನಡವೇ ಬಂಡವಾಳ

ಕನ್ನಡದಲ್ಲೇ ಬೆಳೆದದ್ದು ಪರಭಾಷಾ ಕಲಿಕೆಗೆ ಅಡ್ಡಿ ಎಂಬ ನಂಬಿಕೆ ವ್ಯಾಪಕವಾಗಿದೆ. ಸಂಗತಿ ಅಷ್ಟು ಸರಳವಲ್ಲ.

ಜಪಾನೀ ಭಾಷೆಯನ್ನೇ ನೋಡಬಹುದು. ಟೊಯೊಟಾ ಕಿರ್ಲೋಸ್ಕರ್ ಸಂಸ್ಥೆ 1997ರಲ್ಲಿ ಸ್ಥಾಪನೆಯಾಗಿ ಬಿಡದಿಯಲ್ಲಿ ಕಾರ್ಖಾನೆ ತೆರೆದ ಮೇಲೆ ಈ ಭಾಷೆ ಮೈಸೂರು ರಸ್ತೆಯ ಊರುಗಳಿಗೆ ತೀರ ದೂರದ್ದಾಗಿ ಉಳಿದಿಲ್ಲ. ಕನ್ನಡದಂತೆಯೇ ಜಪಾನೀ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ವಿಭಕ್ತಿಯಂಥ ಪ್ರತ್ಯಯಗಳು ನಾಮಪದದ ಹಿಂದೆ ಸೇರುತ್ತವೆ. ‘ಮಂಡ್ಯಕ್ಕೆ ಹೋಗುತ್ತೇನೆ’ ಎಂಬುದು ‘ಮಂಡ್ಯ ನಿ ಇಕಿಮಾಸು’ ಆಗುತ್ತದೆ. ಪದಗಳ ಸ್ಥಾನ ಬದಲಾಗುವುದೇ ಇಲ್ಲ. ‘ಬಳೆ’ ಮತ್ತು ‘ಬಾಳೆ’, ‘ಹಳಿ’ ಮತ್ತು ‘ಹಳ್ಳಿ’ ಬೇರೆಬೇರೆ ಎಂಬುದನ್ನು ಕನ್ನಡದ ಮಗುವಿಗೆ ಯಾರೂ ವಿವರಿಸಬೇಕಿಲ್ಲ. ಜಪಾನಿಯಲ್ಲಿ ‘ಒಬಸನ್’ ಎಂದರೆ ಚಿಕ್ಕಮ್ಮ ಅಥವಾ ಅತ್ತೆ, ‘ಒಬಾಸನ್’ ಎಂದರೆ ಅಜ್ಜಿ. ‘ಕಿತೆ’ ಎಂದರೆ ಬಂದು, ‘ಕಿತ್ತೆ’ ಎಂದರೆ ಅಂಚೆಚೀಟಿ. ಇಂಗ್ಲಿಷ್ ತಾಯ್ನುಡಿಯವರು ಬಹಳ ಶ್ರಮಪಟ್ಟು ಕಲಿಯುವ ಈ ಭೇದ ಕನ್ನಡಿಗರ ಕಿವಿಗೆ ಸಹಜ.

ಗೌರವ ಸೂಚನೆಯೂ ಹಾಗೆಯೇ. ‘ನೀನು’, ‘ನೀವು’, ‘ತಾವು’ ಎಂಬ ಅಂತರವನ್ನು ಬಲ್ಲವರಿಗೆ ಫ್ರೆಂಚಿನ ‘ತ್ಯು’ ಮತ್ತು ‘ವೂ’, ಜರ್ಮನ್ನಿನ ‘ದು’ ಮತ್ತು ‘ಜೀ’ ಹೊಸ ಕಲ್ಪನೆಗಳಲ್ಲ. ಸಂದೇಹವಿದ್ದಾಗ ಬಹುವಚನವೇ ಕ್ಷೇಮ ಎಂಬ ನಮ್ಮೂರಿನ ನಿಯಮ ಅಲ್ಲಿಯೂ ಸಲ್ಲುತ್ತದೆ.

ಕಷ್ಟವಿರುವ ಕಡೆಗಳನ್ನೂ ಅರಿತಿರಬೇಕು. ಹಳೇ ಮೈಸೂರಿನ ಗ್ರಾಮೀಣ ಆಡುಮಾತಿನಲ್ಲಿ ‘ಹಾಲು’ ‘ಆಲು’ ಆಗುತ್ತದೆ. ‘ಫೋನು’ ‘ಪೋನು’ ಆಗುತ್ತದೆ. ಹಕಾರ ಬಿಡುವುದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ. ಫ್ರೆಂಚರು ಹಕಾರವನ್ನು ಉಚ್ಚರಿಸುವುದೇ ಇಲ್ಲ. ಆದರೆ ಇಂಗ್ಲಿಷಿನಲ್ಲಿ ‘ಕಾಫಿ’ಯನ್ನು ‘ಕಾಪಿ’ ಎಂದರೆ ಕೇಳುವವರು ನಕಲು ಪ್ರತಿ ಎಂದು ತಿಳಿಯಬಹುದು. ಇವೆಲ್ಲಕ್ಕಿಂತ ಮುಖ್ಯವಾದದ್ದು ಒತ್ತು. ಕನ್ನಡದಲ್ಲಿ ಎಲ್ಲ ಅಕ್ಷರಗಳಿಗೂ ಹೆಚ್ಚುಕಡಿಮೆ ಸಮಾನ ಒತ್ತು. ಇಂಗ್ಲಿಷಿನಲ್ಲಿ ಒಂದು ಅಕ್ಷರ ಎದ್ದು ನಿಲ್ಲಬೇಕು, ಉಳಿದವು ತಗ್ಗಬೇಕು. ‘ಫೋಟೋಗ್ರಾಫ್’ ಪದದಲ್ಲಿ ಒತ್ತು ಮೊದಲಿಗೆ, ‘ಫೊಟಾಗ್ರಫಿ’ಯಲ್ಲಿ ಎರಡನೆಯದಕ್ಕೆ. ನಮ್ಮ ಟಕಾರ, ಡಕಾರಗಳ ಗಡಸು ಅರ್ಥವನ್ನು ಅಷ್ಟಾಗಿ ಕೆಡಿಸುವುದಿಲ್ಲ. ಒತ್ತು ತಪ್ಪಿದರೆ ಕೇಳುವವರು ಪದವನ್ನೇ ಗುರುತಿಸದಿರಬಹುದು. 2000ದ ದಶಕದ ಆರಂಭದಲ್ಲಿ ಬೆಂಗಳೂರಿನ ಕಾಲ್ ಸೆಂಟರುಗಳು ಯುವಜನರಿಗೆ ಪಾಶ್ಚಾತ್ಯ ಹೆಸರುಗಳನ್ನಿಟ್ಟು ಉಚ್ಚಾರಣೆ ತಿದ್ದುವುದರಲ್ಲಿ ತೊಡಗಿದ್ದವು. ಸಾಮಾನ್ಯ ವ್ಯವಹಾರಕ್ಕೆ ಅಂಥ ವೇಷ ಬೇಡ. ಒತ್ತು ಮತ್ತು ಸ್ಪಷ್ಟತೆ ಸಾಕು.

ಎದುರೆದುರು ಮಾತನಾಡುವಾಗ

ಎದುರಿಗೆ ನಿಂತು ಆಡುವ ಮಾತಿಗೆ ಮುಖ, ಕೈ, ಕಣ್ಣು ಎಲ್ಲವೂ ನೆರವಾಗುತ್ತವೆ. ಪದ ಸಿಗದಿದ್ದರೆ ವಸ್ತುವನ್ನೇ ತೋರಿಸಬಹುದು. ಹಾಗಾಗಿ ಅಭ್ಯಾಸವನ್ನು ಇಲ್ಲಿಂದ ಆರಂಭಿಸುವುದೇ ಸೂಕ್ತ. ಭಾರತೀನಗರದ ಸುತ್ತ ಅದಕ್ಕೆ ಅವಕಾಶವೂ ಇದೆ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಪಕ್ಷಿವೀಕ್ಷಕರು ಬರುತ್ತಾರೆ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರಕ್ಕೆ ಜಲಪಾತ ನೋಡುವವರು ಬರುತ್ತಾರೆ. ನೆರೆಯ ತಿ. ನರಸೀಪುರ ತಾಲ್ಲೂಕಿನ ಸೋಮನಾಥಪುರ 2023ರಲ್ಲಿ ಬೇಲೂರು, ಹಳೇಬೀಡುಗಳೊಡನೆ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿ ಸೇರಿದೆ. ದಾರಿ ಕೇಳುವ ಪ್ರವಾಸಿಗೆ ನಾಲ್ಕು ವಾಕ್ಯದಲ್ಲಿ ದಾರಿ ಹೇಳುವುದು ಒಂದು ಗಂಟೆಯ ವ್ಯಾಕರಣ ಪಾಠಕ್ಕಿಂತ ಹೆಚ್ಚು ಫಲ ಕೊಡುತ್ತದೆ. ಅಲ್ಲಿ ಅಂಕವಿಲ್ಲ, ನಗುವ ಸಹಪಾಠಿಗಳಿಲ್ಲ. ದಾರಿ ತಿಳಿದ ಪ್ರವಾಸಿ ಕೃತಜ್ಞತೆ ಹೇಳಿ ಹೋಗುತ್ತಾನೆ.

ಕನ್ನಡದ ಸೌಜನ್ಯವನ್ನು ಪದಶಃ ಇಂಗ್ಲಿಷಿಗೆ ತಿರುಗಿಸುವುದರಲ್ಲಿ ಒಂದು ಅಪಾಯವಿದೆ. ‘ನೀರು ಕೊಡಿ’ ಎಂಬಲ್ಲಿ ಕ್ರಿಯಾಪದದ ಕೊನೆಯೇ ಗೌರವವನ್ನು ಹೊತ್ತಿದೆ. ಅದನ್ನು ‘ಗಿವ್ ಮಿ ವಾಟರ್’ ಎಂದಾಗ ಆ ಗೌರವ ಉದುರಿಹೋಗಿ ಅಪ್ಪಣೆ ಮಾತ್ರ ಉಳಿಯುತ್ತದೆ. ಇಂಗ್ಲಿಷಿನಲ್ಲಿ ಗೌರವಕ್ಕೆ ಬೇರೆ ಪದಗಳೇ ಬೇಕು: ‘ಕುಡ್ ಐ ಹ್ಯಾವ್ ಸಮ್ ವಾಟರ್, ಪ್ಲೀಸ್?’ ಹೊರಡುವಾಗ ನಾವು ಹೇಳುವ ‘ಬರ್ತೀನಿ’ಯನ್ನು ‘ಐ ವಿಲ್ ಕಮ್’ ಎಂದರೆ ಎದುರಿನವರು ಇನ್ನೊಮ್ಮೆ ಕಾಯುತ್ತಾ ಕೂರಬಹುದು. ತಲೆಯನ್ನು ಪಕ್ಕಕ್ಕೆ ತೂಗಿ ಒಪ್ಪಿಗೆ ಸೂಚಿಸುವ ನಮ್ಮ ರೂಢಿಯೂ ಅನೇಕ ವಿದೇಶಿಯರಿಗೆ ‘ಇಲ್ಲ’ ಎಂದೇ ಕಾಣುತ್ತದೆ. ಆದ್ದರಿಂದ ‘ಯೆಸ್’ ಎಂಬುದನ್ನು ಬಾಯಿಬಿಟ್ಟು ಹೇಳುವುದು ಒಳ್ಳೆಯದು.

ದೂರವಾಣಿ ಏಕೆ ಹೆಚ್ಚು ಕಷ್ಟ

ಎದುರಿಗೆ ಚೆನ್ನಾಗಿ ಮಾತನಾಡುವವರೂ ದೂರವಾಣಿಯಲ್ಲಿ ತಬ್ಬಿಬ್ಬಾಗುತ್ತಾರೆ. ಇದಕ್ಕೆ ಮನಸ್ಸಿನ ಅಳುಕಷ್ಟೇ ಕಾರಣವಲ್ಲ. ಯಂತ್ರದ ಕಾರಣವೂ ಇದೆ.

ನಾವು ಕಿವಿಯಿಂದ ಮಾತ್ರ ಕೇಳುವುದಿಲ್ಲ. ಹ್ಯಾರಿ ಮೆಕ್‌ಗರ್ಕ್ ಮತ್ತು ಜಾನ್ ಮೆಕ್‌ಡೊನಾಲ್ಡ್ 1976ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ‘ಬ’ ಎಂಬ ಧ್ವನಿಯನ್ನು ‘ಗ’ ಎನ್ನುವ ತುಟಿಗಳ ಚಿತ್ರದೊಡನೆ ಕೂಡಿಸಿದಾಗ ಬಹುಮಂದಿಗೆ ‘ದ’ ಎಂದು ಕೇಳಿಸಿತು. ಕಣ್ಣು ಕಂಡದ್ದು ಕಿವಿ ಕೇಳಿದ್ದನ್ನು ಬದಲಿಸಿತ್ತು. ದೂರವಾಣಿಯಲ್ಲಿ ಕಣ್ಣಿನ ಈ ನೆರವು ಪೂರ್ತಿ ಇಲ್ಲವಾಗುತ್ತದೆ.

ಇನ್ನು ಧ್ವನಿಯ ಮಾತು. ಸಾಂಪ್ರದಾಯಿಕ ದೂರವಾಣಿ ಜಾಲ ಸಾಗಿಸುವುದು ಸುಮಾರು 300ರಿಂದ 3400 ಹರ್ಟ್ಸ್‌ವರೆಗಿನ ಧ್ವನಿಯನ್ನು ಮಾತ್ರ. ‘ಸ’ ಮತ್ತು ‘ಫ’ ಧ್ವನಿಗಳನ್ನು ಬೇರ್ಪಡಿಸುವ ಬಹುಪಾಲು ಶಕ್ತಿ ಅದಕ್ಕಿಂತ ಮೇಲಿರುತ್ತದೆ. ಹೀಗಾಗಿ ಇಂಗ್ಲಿಷಿನ ‘ಎಸ್’ ಮತ್ತು ‘ಎಫ್’ ಅಕ್ಷರಗಳು ಫೋನಿನಲ್ಲಿ ಒಂದೇ ಥರ ಕೇಳಿಸುತ್ತವೆ. ‘ಎಂ’ ಮತ್ತು ‘ಎನ್’ ಕೂಡ ಸುಲಭವಾಗಿ ಬೆರೆತುಹೋಗುತ್ತವೆ. ಈಗಿನ 4ಜಿ ಕರೆಗಳಲ್ಲಿ ಈ ವ್ಯಾಪ್ತಿ ಸುಮಾರು 7000 ಹರ್ಟ್ಸ್‌ವರೆಗೆ ಹಿಗ್ಗಿರುವುದುಂಟು. ಆದರೂ ಎರಡೂ ತುದಿಗಳಲ್ಲಿ ಅನುಕೂಲವಿದ್ದರೆ ಮಾತ್ರ ಅದರ ಲಾಭ. ತಾಯ್ನುಡಿಯಲ್ಲಿ ಹೀಗೆ ಕಳೆದ ಧ್ವನಿಯನ್ನು ಮಿದುಳು ತಾನೇ ತುಂಬಿಕೊಳ್ಳುತ್ತದೆ. ಪರಭಾಷೆಯಲ್ಲಿ ಆ ಶಕ್ತಿ ಇನ್ನೂ ಬೆಳೆದಿರುವುದಿಲ್ಲ. ಫೋನಿನಲ್ಲಿ ಮಾತು ಅರ್ಥವಾಗದಿದ್ದರೆ ಅದು ದಡ್ಡತನವಲ್ಲ ಎಂಬ ತಿಳಿವಳಿಕೆಯೇ ಅರ್ಧ ಅಳುಕನ್ನು ಕಳೆಯುತ್ತದೆ.

ಅಂಕಿ, ಹೆಸರು, ಸಮಯ

ದೂರವಾಣಿ ಮಾತು ಎಡವುವುದು ಹೆಚ್ಚಾಗಿ ಅಂಕಿಗಳಲ್ಲಿ. ಆಯಾ ಭಾಷೆಯವರೇ ಇದಕ್ಕೆ ಉಪಾಯ ಕಂಡುಕೊಂಡಿದ್ದಾರೆ.

ಜರ್ಮನ್ನಿನಲ್ಲಿ ಎರಡು ‘ತ್ಸ್ವಾಯ್’, ಮೂರು ‘ದ್ರಾಯ್’. ಫೋನಿನಲ್ಲಿ ಇವು ಬೆರೆಯುತ್ತವೆಂದು ಜರ್ಮನರು ಎರಡಕ್ಕೆ ‘ತ್ಸ್ವೋ’ ಎನ್ನುವುದುಂಟು. ಜಪಾನಿಯಲ್ಲಿ ಒಂದು ‘ಇಚಿ’, ಏಳು ‘ಶಿಚಿ’. ಗೊಂದಲ ತಪ್ಪಿಸಲು ಏಳನ್ನು ‘ನನ’ ಎನ್ನುತ್ತಾರೆ. ಫ್ರೆಂಚರು ದೂರವಾಣಿ ಸಂಖ್ಯೆಯನ್ನು ಎರಡೆರಡು ಅಂಕಿಗಳ ಜೋಡಿಯಾಗಿ ಹೇಳುತ್ತಾರೆ. ಅವರಲ್ಲಿ 70 ಎಂದರೆ ‘ಅರವತ್ತು-ಹತ್ತು’, 80 ಎಂದರೆ ‘ನಾಲ್ಕು-ಇಪ್ಪತ್ತು’. ಜರ್ಮನ್ನಿನಲ್ಲಿ 21 ಎಂಬುದು ‘ಒಂದು ಮತ್ತು ಇಪ್ಪತ್ತು’. ಹೀಗಾಗಿ ಸಂಖ್ಯೆಯನ್ನು ಪೂರ್ತಿ ಕೇಳುವವರೆಗೆ ಬರೆಯಬಾರದು. ಇಂಗ್ಲಿಷಿನಲ್ಲಿ 13 ಮತ್ತು 30ರ ಗೊಂದಲ ಪ್ರಸಿದ್ಧ. ‘ಒನ್ ತ್ರೀ’, ‘ತ್ರೀ ಝೀರೋ’ ಎಂದು ಬಿಡಿಸಿ ಹೇಳಿದರೆ ಸಂಶಯವುಳಿಯದು. ‘ಡಬಲ್ ನೈನ್’ ಎಂಬ ನಮ್ಮ ರೂಢಿ ಅಮೆರಿಕನ್ನರಿಗೆ ಅಪರಿಚಿತ. ಲಕ್ಷ, ಕೋಟಿಗಳೂ ಅಷ್ಟೇ.

ಸಮಯದಲ್ಲಿಯೂ ಎಚ್ಚರ ಬೇಕು. ಏಳೂವರೆ ಎಂದರೆ ನಮಗೆ 7.30. ಜರ್ಮನ್ನಿನ ‘ಹಾಲ್ಪ್ ಜೀಬೆನ್’ ಕೇಳಲು ‘ಅರ್ಧ ಏಳು’. ಆದರೆ ಅದರ ಅರ್ಥ 6.30. ಅಮೆರಿಕನ್ನರು ತಿಂಗಳನ್ನು ಮೊದಲು, ದಿನವನ್ನು ಆಮೇಲೆ ಬರೆಯುತ್ತಾರೆ. ತಿಂಗಳ ಹೆಸರನ್ನೇ ಹೇಳುವುದು ಕ್ಷೇಮ.

ಹೆಸರನ್ನು ಅಕ್ಷರ ಬಿಡಿಸಿ ಹೇಳುವ ಸಿದ್ಧತೆ ಎಲ್ಲರಿಗೂ ಇರಲೇಬೇಕು. ವಿಮಾನಯಾನಕ್ಕಾಗಿ 1956ರಲ್ಲಿ ಜಾರಿಗೆ ಬಂದ ‘ಆಲ್ಫಾ, ಬ್ರಾವೊ, ಚಾರ್ಲಿ’ ಕ್ರಮ ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಅದು ನೆನಪಿರದಿದ್ದರೆ ‘ಡಿ ಫಾರ್ ಡೆಲ್ಲಿ’ ಎಂಬಂಥ ಪರಿಚಿತ ಪದಗಳೂ ಆದೀತು. ತನ್ನ ಹೆಸರು ಮತ್ತು ಊರಿನ ಹೆಸರನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಬಿಡಿಸಿ ಹೇಳುವಷ್ಟು ರೂಢಿಸಿಕೊಂಡವರಿಗೆ ಕರೆಯ ಮೊದಲ ಒಂದು ನಿಮಿಷ ಸಲೀಸು.

ಕರೆಯನ್ನು ಕೈಯಲ್ಲಿಟ್ಟುಕೊಳ್ಳುವ ವಾಕ್ಯಗಳು

ಕಲಿಯುವವರು ಸಾಮಾನ್ಯವಾಗಿ ಉತ್ತರಗಳನ್ನು ಬಾಯಿಪಾಠ ಮಾಡುತ್ತಾರೆ. ಪ್ರಶ್ನೆ ಸ್ವಲ್ಪ ಬದಲಾದರೂ ಆ ಪಾಠ ಕೈಕೊಡುತ್ತದೆ. ಬಾಯಿಪಾಠ ಮಾಡಬೇಕಾದದ್ದು ಉತ್ತರಗಳನ್ನಲ್ಲ, ಮಾತು ಮುರಿದಾಗ ಅದನ್ನು ಜೋಡಿಸುವ ವಾಕ್ಯಗಳನ್ನು. ಆರು ವಾಕ್ಯಗಳು ಸಾಕು.

1. ಮತ್ತೆ ಹೇಳಿಸಲು: ‘ಕುಡ್ ಯು ಸೇ ದಟ್ ಅಗೇನ್, ಪ್ಲೀಸ್?’
2. ನಿಧಾನಿಸಲು: ‘ಕುಡ್ ಯು ಸ್ಪೀಕ್ ಎ ಲಿಟಲ್ ಮೋರ್ ಸ್ಲೋಲಿ?’
3. ಖಚಿತಪಡಿಸಿಕೊಳ್ಳಲು: ‘ಡಿಡ್ ಯು ಸೇ ಮಂಡೇ ಆರ್ ಸಂಡೇ?’
4. ಯೋಚಿಸಲು ಸಮಯ ಪಡೆಯಲು: ‘ಲೆಟ್ ಮಿ ಥಿಂಕ್ ಫಾರ್ ಎ ಮೊಮೆಂಟ್.’
5. ಸಾರ ಹೇಳಲು: ‘ಲೆಟ್ ಮಿ ರಿಪೀಟ್ ವಾಟ್ ಐ ಅಂಡರ್‌ಸ್ಟುಡ್.’
6. ಮುಗಿಸಲು: ‘ಥ್ಯಾಂಕ್ ಯು ಫಾರ್ ಯುವರ್ ಟೈಮ್. ಗುಡ್‌ಬೈ.’

ಇವುಗಳಲ್ಲಿ ಮೂರನೆಯದು ಬಹಳ ಉಪಯುಕ್ತ. ‘ಅರ್ಥವಾಗಲಿಲ್ಲ’ ಎಂದಷ್ಟೇ ಹೇಳಿದರೆ ಎದುರಿನವರು ಅದೇ ಮಾತನ್ನು ಅದೇ ವೇಗದಲ್ಲಿ ಮತ್ತೆ ಹೇಳುತ್ತಾರೆ. ಎಲ್ಲಿ ತಿಳಿಯಲಿಲ್ಲವೆಂದು ತೋರಿಸಿದರೆ ಅಲ್ಲಿಗೇ ಉತ್ತರ ಬರುತ್ತದೆ. ಮತ್ತೆ ಕೇಳುವುದು ಅವಮಾನವಲ್ಲ. ಕೇಳದೆ ‘ಯೆಸ್, ಯೆಸ್’ ಎಂದು ಒಪ್ಪಿ, ಸಂದರ್ಶನದ ದಿನವನ್ನೇ ತಪ್ಪಾಗಿ ಬರೆದುಕೊಳ್ಳುವುದು ನಿಜವಾದ ನಷ್ಟ.

ಕರೆ ಸ್ವೀಕರಿಸುವ ರೀತಿಯೂ ಭಾಷೆಯಿಂದ ಭಾಷೆಗೆ ಬೇರೆ. ನಾವು ‘ಹೇಳಿ’ ಎನ್ನುತ್ತೇವೆ. ಅದನ್ನು ‘ಟೆಲ್ ಮಿ’ ಎಂದರೆ ಹೊರಗಿನವರಿಗೆ ಒರಟಾಗಿ ಕೇಳಿಸುತ್ತದೆ. ಜರ್ಮನರು ಹಲವೊಮ್ಮೆ ತಮ್ಮ ಕುಲನಾಮವನ್ನೇ ಹೇಳಿ ಕರೆ ಎತ್ತಿಕೊಳ್ಳುತ್ತಾರೆ. ಫ್ರೆಂಚರು ‘ಅಲೋ’ ಎಂದರೆ ಜಪಾನೀಯರು ಆತ್ಮೀಯರೊಡನೆ ‘ಮೋಶಿ ಮೋಶಿ’ ಎನ್ನುತ್ತಾರೆ. ಜಪಾನೀ ಮಾತಿನ ನಡುವೆ ಕೇಳುವವರು ‘ಹೈ, ಹೈ’ ಎನ್ನುವುದು ಒಪ್ಪಿಗೆಯಲ್ಲ, ಕೇಳಿಸಿಕೊಳ್ಳುತ್ತಿದ್ದೇನೆ ಎಂಬ ಸೂಚನೆ. ಕಥೆ ಕೇಳುವಾಗ ಹೂಂಗುಟ್ಟುವ ನಮ್ಮ ಅಜ್ಜಿಯರ ಮನೆಯ ಪದ್ಧತಿಯೇ ಇದು. ಫೋನಿನಲ್ಲಿ ಮೌನವಾಗಿ ತಲೆಯಾಡಿಸಿದರೆ ಆ ತುದಿಯವರಿಗೆ ಕಾಣುವುದಿಲ್ಲವಾದ್ದರಿಂದ ಯಾವ ಭಾಷೆಯಲ್ಲಾದರೂ ಹೂಂಗುಟ್ಟುವುದು ಅವಶ್ಯ.

ಅಭ್ಯಾಸದ ಕ್ರಮ

ದಿನಕ್ಕೆ ಅರ್ಧ ಗಂಟೆ ಬಾಯಿ ತೆರೆದು ಅಭ್ಯಾಸ ಮಾಡಬಲ್ಲವರು ಈ ಕ್ರಮವನ್ನು ಅನುಸರಿಸಬಹುದು.

ಮೊದಲನೆಯದು, ಕೇಳುತ್ತಲೇ ಹಿಂಬಾಲಿಸಿ ಹೇಳುವುದು. ಒಂದು ನಿಮಿಷದ ಧ್ವನಿಮುದ್ರಿಕೆಯನ್ನು ಆರಿಸಿ, ಅದು ಹೇಳಿದಂತೆಯೇ ಒತ್ತು, ವೇಗ, ಏರಿಳಿತಗಳೊಡನೆ ಜೊತೆಜೊತೆಗೆ ಹೇಳಬೇಕು. ಇಂಗ್ಲಿಷಿಗೆ ಬಿಬಿಸಿ, ಜರ್ಮನ್ನಿಗೆ ಡಾಯ್ಚ ವೆಲ್ಲೆ, ಜಪಾನಿಗೆ ಎನ್‌ಎಚ್‌ಕೆ ವರ್ಲ್ಡ್ ಸಂಸ್ಥೆಗಳ ಪಾಠಗಳು ಅಂತರ್ಜಾಲದಲ್ಲಿ ಉಚಿತ.

ಎರಡನೆಯದು, ನ್ಯೂಜಿಲೆಂಡಿನ ಭಾಷಾತಜ್ಞ ಪಾಲ್ ನೇಷನ್ ಪ್ರಚುರಪಡಿಸಿದ 4-3-2 ವಿಧಾನ. ಒಂದೇ ವಿಷಯವನ್ನು ಮೊದಲು ನಾಲ್ಕು ನಿಮಿಷ ಒಬ್ಬರಿಗೆ, ಅನಂತರ ಮೂರು ನಿಮಿಷದಲ್ಲಿ ಇನ್ನೊಬ್ಬರಿಗೆ, ಕೊನೆಗೆ ಎರಡು ನಿಮಿಷದಲ್ಲಿ ಮತ್ತೊಬ್ಬರಿಗೆ ಹೇಳುವುದು. ವಿಷಯ ಬದಲಾಗದ ಕಾರಣ ಮನಸ್ಸು ಪದ ಹುಡುಕುವುದನ್ನು ಬಿಟ್ಟು ಓಟಕ್ಕೆ ಹೊಂದಿಕೊಳ್ಳುತ್ತದೆ. ಕಬ್ಬು ನಾಟಿಯಿಂದ ಕಟಾವಿನವರೆಗಿನ ಕೆಲಸವನ್ನು ಹೀಗೆ ವಿವರಿಸಬಲ್ಲ ವಿದ್ಯಾರ್ಥಿಗೆ ಸಂದರ್ಶನದಲ್ಲಿ ಮಾತಿಗೆ ವಸ್ತುವಿನ ಬರ ಬಾರದು.

ಮೂರನೆಯದು, ಬೆನ್ನಿಗೆ ಬೆನ್ನು ಕೊಟ್ಟು ಕೂರುವ ಅಭ್ಯಾಸ. ಇಬ್ಬರು ಸ್ನೇಹಿತರು ಮುಖ ಕಾಣದಂತೆ ಕುಳಿತು, ಒಬ್ಬರು ಸಂಸ್ಥೆಯವರಾಗಿ, ಇನ್ನೊಬ್ಬರು ಅಭ್ಯರ್ಥಿಯಾಗಿ ಮಾತನಾಡುವುದು. ಬಳಿಕ ಬೇರೆ ಕೋಣೆಗಳಿಂದ ನಿಜವಾಗಿಯೇ ಕರೆ ಮಾಡಿ, ಧ್ವನಿಮುದ್ರಿಸಿ ಕೇಳುವುದು. ಸ್ವಂತ ಧ್ವನಿ ಮೊದಲು ಕಿರಿಕಿರಿ ಎನಿಸಿದರೂ ತಪ್ಪುಗಳು ತಾವಾಗಿಯೇ ಕಾಣುತ್ತವೆ.

ನಾಲ್ಕನೆಯದು, ಫಲಿತಾಂಶ ಏನಾದರೂ ನಷ್ಟವಿಲ್ಲದ ನಿಜವಾದ ಕರೆಗಳು. ಗ್ರಾಹಕ ಸೇವಾ ಕೇಂದ್ರದಲ್ಲಿ ಕನ್ನಡದ ಸೇವೆ ಪಡೆಯುವುದು ನಮ್ಮ ಹಕ್ಕು; ಅಭ್ಯಾಸಕ್ಕೆಂದು ಒಮ್ಮೆ ಇಂಗ್ಲಿಷನ್ನು ಆರಿಸಿಕೊಂಡರೆ ತಪ್ಪಿಲ್ಲ. ಕರೆಗೆ ಮುನ್ನ ಚೀಟಿಯೊಂದರಲ್ಲಿ ಐದು ಅಂಶ ಬರೆದಿಟ್ಟುಕೊಳ್ಳಬೇಕು: ಹೆಸರು, ಉದ್ದೇಶ, ಬೇಕಾದ ಸಂಖ್ಯೆಗಳು, ಕೇಳಬೇಕಾದ ಪ್ರಶ್ನೆ, ಮುಗಿಸುವ ಮಾತು. ಪೂರ್ತಿ ವಾಕ್ಯಗಳನ್ನು ಬರೆದು ಓದಿದರೆ ಕೇಳುವವರಿಗೆ ಕೂಡಲೇ ತಿಳಿಯುತ್ತದೆ.

ಈಚಿನ ವರ್ಷಗಳಲ್ಲಿ ಧ್ವನಿಯಲ್ಲೇ ಉತ್ತರಿಸುವ ಕೃತಕ ಬುದ್ಧಿಮತ್ತೆಯ ಸಾಧನಗಳೂ ಮೊಬೈಲಿಗೆ ಬಂದಿವೆ. ನಗುವವರಿಲ್ಲದೆ ನೂರು ಸಲ ತಪ್ಪು ಮಾಡಲು ಅವು ಒಳ್ಳೆಯ ಜಾಗ. ಆದರೆ ಅವು ಸ್ಪಷ್ಟವಾಗಿ, ತಾಳ್ಮೆಯಿಂದ ಮಾತನಾಡುತ್ತವೆ. ಅವಸರದ ಮನುಷ್ಯರು ಹಾಗಲ್ಲ. ಮನುಷ್ಯರೊಡನೆಯೇ ಅಭ್ಯಾಸ ಪೂರ್ಣವಾಗಬೇಕು.

ಪರೀಕ್ಷೆಗಳು ಅಳೆಯುವುದೇನು

ವಿದೇಶಕ್ಕೆ ಹೊರಟವರು ಪ್ರಮಾಣಪತ್ರವನ್ನು ಮಾತಿನ ಶಕ್ತಿ ಎಂದು ತಿಳಿಯಬಾರದು. ಯುರೋಪಿನ ಭಾಷೆಗಳಿಗೆ 2001ರಲ್ಲಿ ಪ್ರಕಟವಾದ ಸಾಮಾನ್ಯ ಮಾನದಂಡದಲ್ಲಿ ಎ1ರಿಂದ ಸಿ2ರವರೆಗೆ ಆರು ಹಂತಗಳಿವೆ. ಎದುರಿನವರು ನಿಧಾನವಾಗಿ ಮಾತನಾಡಿ ನೆರವಾಗುವರೆಂಬ ನಿರೀಕ್ಷೆ ಮೊದಲ ಹಂತದಲ್ಲೇ ಅಡಕವಾಗಿದೆ. ಜರ್ಮನಿಯಲ್ಲಿ ಶುಶ್ರೂಷಕಿಯರ ವೃತ್ತಿಮಾನ್ಯತೆಗೆ ಸಾಮಾನ್ಯವಾಗಿ ಬಿ2 ಹಂತ ಕೇಳುತ್ತಾರೆ. ಜಪಾನೀ ಭಾಷೆಯ ಪ್ರಸಿದ್ಧ ಜೆಎಲ್‌ಪಿಟಿ ಪರೀಕ್ಷೆಯಲ್ಲಿ ಎನ್5ರಿಂದ ಎನ್1ರವರೆಗೆ ಯಾವ ಹಂತದಲ್ಲೂ ಮಾತನಾಡುವ ಭಾಗವೇ ಇಲ್ಲ. ಅದರಲ್ಲಿ ತೇರ್ಗಡೆಯಾದವರೂ ಫೋನಿನ ಮುಂದೆ ಮೂಕರಾಗಬಹುದು.

ಐಇಎಲ್‌ಟಿಎಸ್ ಪರೀಕ್ಷೆಯಲ್ಲಿ 11ರಿಂದ 14 ನಿಮಿಷಗಳ ಮಾತಿನ ಭಾಗವಿದೆ. ಓಘ ಮತ್ತು ಸುಸಂಬದ್ಧತೆ, ಪದಸಂಪತ್ತು, ವ್ಯಾಕರಣ, ಉಚ್ಚಾರಣೆ ಎಂಬ ನಾಲ್ಕಕ್ಕೂ ಸಮಾನ ಅಂಕ. ವ್ಯಾಕರಣ ಅದರಲ್ಲಿ ಕಾಲುಭಾಗ ಮಾತ್ರ ಎಂಬುದು ತಪ್ಪಿಗೆ ಹೆದರಿ ಸುಮ್ಮನಿರುವವರು ಗಮನಿಸಬೇಕಾದ ಅಂಶ. ಬ್ರಿಟಿಷರಂತೆ ಉಚ್ಚರಿಸಬೇಕೆಂಬ ನಿಯಮವೂ ಅಲ್ಲಿಲ್ಲ. ಕೇಳುವವರಿಗೆ ತಿಳಿಯಬೇಕು, ಅಷ್ಟೇ.

ಭಾಷೆ ಬಾರದೆಂಬ ಕೀಳರಿಮೆ ಮತ್ತು ಭಾಷೆ ಬಾರದಿರುವುದು ಎರಡೂ ಬೇರೆ. ಎರಡನೆಯದಕ್ಕೆ ಕಾಲ ಬೇಕು. ಮೊದಲನೆಯದು ಮೊದಲ ಹತ್ತು ಕರೆಗಳಲ್ಲೇ ಕರಗತೊಡಗುತ್ತದೆ. ಭಾರತೀನಗರದ ಬಸ್ ನಿಲ್ದಾಣದಲ್ಲಿ ನಿಂತ ಪದವೀಧರರ ಜೇಬಿನ ಫೋನು ಎಂದೋ ಒಂದು ದಿನ ಅಪರಿಚಿತ ಸಂಖ್ಯೆಯಿಂದ ರಿಂಗಣಿಸುತ್ತದೆ. ಆ ದಿನದ ಕರೆ ಅವರ ಪರಭಾಷೆಯ ಮೊದಲ ಕರೆಯಾಗದೆ ಹನ್ನೊಂದನೆಯದಾಗಿರಲಿ.